ಗಡ್ಡೆ ಸಣ್ಣದಿದ್ರೂ ಇಡೀ ಲೋಬ್ ತೆಗೀಬೇಕಾ?

ಪ್ರಶ್ನೆ: ಅಪ್ಪಂಗೆ ಶ್ವಾಸಕೋಶದಲ್ಲಿ 1.6 ಸೆಂ.ಮೀ. ಗಡ್ಡೆ, ಮೊದಲನೇ ಸ್ಟೇಜ್ ಕ್ಯಾನ್ಸರ್ ಅಂದಿದಾರೆ. ಒಬ್ರು ಡಾಕ್ಟ್ರು ಲೋಬ್ (ಶ್ವಾಸಕೋಶದ ಒಂದು ದೊಡ್ಡ ಭಾಗ) ತೆಗೀಬೇಕು ಅಂತಾರೆ, ಇನ್ನೊಬ್ರು ರೋಬೋಟಿಕ್ ಮಾಡಿಸಿ ಅಂತಾರೆ. ಯಾವ್ದು ಒಳ್ಳೇದು?

ಉತ್ತರ: ಇವೆರಡು ಬೇರೆ ಬೇರೆ ವಿಷ್ಯ ಕಣ್ರೀ. ಲೋಬ್ ಅನ್ನೋದು ಎಷ್ಟು ತೆಗೀತಾರೆ ಅನ್ನೋದು, ರೋಬೋಟಿಕ್ ಅನ್ನೋದು ಒಳಗೆ ಹೇಗೆ ಹೋಗ್ತಾರೆ ಅನ್ನೋದು, ರೋಬೋಟ್ ಇಟ್ಕೊಂಡೇ ಇಡೀ ಲೋಬ್ ಕೂಡ ತೆಗೀಬಹುದು. ನನ್ನ ಕೇಳಿದ್ರೆ ಮೊದ್ಲು 'ಎಷ್ಟು' ಅನ್ನೋದು ತೀರ್ಮಾನ ಆಗ್ಲಿ.

ಬಲಗಡೆ ಶ್ವಾಸಕೋಶದಲ್ಲಿ ಮೂರು ಲೋಬ್, ಎಡಗಡೆ ಎರಡು, ಪ್ರತಿ ಲೋಬಲ್ಲೂ ತನ್ನದೇ ರಕ್ತನಾಳ, ಶ್ವಾಸನಾಳ ಇರೋ ಸೆಗ್ಮೆಂಟ್‌ಗಳು, ಅಂದ್ರೆ ಸಣ್ಣ ಭಾಗಗಳು. ಇಡೀ ಲೋಬ್ ತೆಗೆದ್ರೆ ಲೋಬೆಕ್ಟಮಿ, ಒಂದು ಸೆಗ್ಮೆಂಟ್ ತೆಗೆದ್ರೆ ಸೆಗ್ಮೆಂಟೆಕ್ಟಮಿ, ಗಡ್ಡೆ ಸುತ್ತ ಸ್ವಲ್ಪ ಭಾಗ ಮಾತ್ರ ಕತ್ತರಿಸಿದ್ರೆ ವೆಡ್ಜ್. 1995ರಲ್ಲಿ ಬಂದ ಒಂದು ಅಮೆರಿಕನ್ ಟ್ರಯಲ್‌ನಲ್ಲಿ (ರೋಗಿಗಳಲ್ಲಿ ಚಿಕಿತ್ಸೆಗಳನ್ನ ಹೋಲಿಸಿ ನೋಡೋ ಅಧ್ಯಯನ) ಕಮ್ಮಿ ತೆಗೆದವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ವಾಪಸ್ ಬರೋದು ಜಾಸ್ತಿ ಕಂಡಿತ್ತು, ಅಲ್ಲಿಂದ ಸುಮಾರು 25 ವರ್ಷ ಲೋಬೆಕ್ಟಮಿನೇ ರೂಲು ಅನ್ನೋ ಹಾಗಾಯ್ತು. ಆದ್ರೆ ಅದರಲ್ಲಿ 3 ಸೆಂ.ಮೀ. ತನಕದ ಗಡ್ಡೆಗಳೂ ಇದ್ವು, ಸ್ಕ್ಯಾನ್‌ಗಳೂ ಈಗಿನಷ್ಟು ಚೆನ್ನಾಗಿರ್ಲಿಲ್ಲ.

2022ರಲ್ಲಿ ಜಪಾನ್‌ನವರು 2 ಸೆಂ.ಮೀ. ಒಳಗಿನ, ಶ್ವಾಸಕೋಶದ ಹೊರ ಅಂಚಿನ ಕಡೆ ಇರೋ ಗಡ್ಡೆಗಳಿದ್ದ 1106 ಜನರಲ್ಲಿ ಹೋಲಿಸಿದ್ರು. ಐದು ವರ್ಷ ಬದುಕಿದ್ದೋರು ಸೆಗ್ಮೆಂಟೆಕ್ಟಮಿಯಲ್ಲಿ 94.3%, ಲೋಬೆಕ್ಟಮಿಯಲ್ಲಿ 91.1%. ಮಜಾ ಏನಂದ್ರೆ ಅದೇ ಜಾಗದ ಸುತ್ತಮುತ್ತ ಕ್ಯಾನ್ಸರ್ ವಾಪಸ್ ಬಂದಿದ್ದು ಸೆಗ್ಮೆಂಟೆಕ್ಟಮಿಯಲ್ಲೇ ಹೆಚ್ಚು, 10.5%, ಇನ್ನೊಂದ್ರಲ್ಲಿ 5.4%, ಆದ್ರೂ ಬೇರೆ ಕಾಯಿಲೆಗಳಿಂದ ತೀರಿಕೊಂಡೋರು ಲೋಬೆಕ್ಟಮಿ ಗುಂಪಲ್ಲಿ ಜಾಸ್ತಿ ಇದ್ರು. ಉಸಿರಾಟದ ಶಕ್ತಿ ತುಂಬಾ ಉಳಿಯುತ್ತೆ ಅನ್ಕೊಂಡಿದ್ರೆ ಅದ್ರಲ್ಲಿ ವ್ಯತ್ಯಾಸ ಸಣ್ಣದು. 2023ರಲ್ಲಿ ಬಂದ 697 ಜನರ ಇನ್ನೊಂದು ಟ್ರಯಲ್‌ನಲ್ಲಿ ವೆಡ್ಜ್ ಮಾಡಿಸಿಕೊಂಡವರೂ ಸೇರಿದ್ರು, ಅಲ್ಲೂ ಕಮ್ಮಿ ತೆಗೆದವರು ಹಿಂದೆ ಬೀಳ್ಲಿಲ್ಲ. ಆದ್ರೆ ಅವ್ರಿಗೆಲ್ಲ ಆಪರೇಷನ್ ಟೇಬಲ್ ಮೇಲೇನೇ ಲಿಂಫ್ ನೋಡ್ (ಕ್ಯಾನ್ಸರ್ ಮೊದ್ಲು ಹರಡಬಹುದಾದ ಸಣ್ಣ ಗ್ರಂಥಿ) ಟೆಸ್ಟ್ ಮಾಡಿ, ಅಲ್ಲಿಗೆ ಹರಡಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಮುಂದುವರಿದಿದ್ದು.

ಸೆಗ್ಮೆಂಟೆಕ್ಟಮಿ ಕೈಚಳಕದ ಕೆಲ್ಸ, ಯಾಕಂದ್ರೆ ಸೆಗ್ಮೆಂಟ್‌ಗಳ ನಡುವಿನ ಗಡಿ ಕಣ್ಣಿಗೆ ಕಾಣಲ್ಲ. ಆ ಸೆಗ್ಮೆಂಟಿನ ರಕ್ತನಾಳ ಮುಚ್ಚಿ ರಕ್ತಕ್ಕೆ ಒಂದು ಬಣ್ಣದ ಔಷಧಿ ಕೊಡ್ತಾರೆ, ವಿಶೇಷ ಕ್ಯಾಮರಾದಲ್ಲಿ ಉಳಿದ ಶ್ವಾಸಕೋಶ ಹಸಿರಾಗಿ ಹೊಳೆಯುತ್ತೆ, ತೆಗೀಬೇಕಾದ ಭಾಗ ಕಪ್ಪಗೇ ಉಳಿಯುತ್ತೆ, ಆ ಗೆರೆ ಹಿಡಿದು ಕತ್ತರಿಸ್ತಾರೆ. ಗಡ್ಡೆ ಒಳಗೆ ಆಳದಲ್ಲಿದ್ರೆ ಲೋಬೆಕ್ಟಮಿನೇ ಸರಿ ಅನ್ನಿಸಬಹುದು.

ಇನ್ನು ಒಳಗೆ ಹೋಗೋ ದಾರಿ. ಹಳೇ ರೀತಿಯಲ್ಲಿ ದೊಡ್ಡ ಗಾಯ ಮಾಡಿ ಪಕ್ಕೆಲುಬು ಅಗಲಿಸ್ತಾರೆ, ನೋವಿನ ಮೂಲಾನೇ ಅದು. ಸಣ್ಣ ತೂತಿನ ಕ್ಯಾಮರಾ ಆಪರೇಷನ್‌ನಲ್ಲಿ ನೋವು ಕಮ್ಮಿ, ಬೇಗ ಮನೆಗೆ ಹೋಗಬಹುದು. ರೋಬೋಟಿಕ್ ಅಂದ್ರೂ ಸಣ್ಣ ತೂತೇ, ಕ್ಯಾನ್ಸರ್ ವಾಸಿಯಾಗೋ ವಿಷ್ಯದಲ್ಲಿ ಅದು ಕ್ಯಾಮರಾ ಆಪರೇಷನ್‌ಗಿಂತ ಮೇಲು ಅಂತ ಸಾಬೀತಾಗಿಲ್ಲ.

ಹಾಗಾಗಿ ಡಾಕ್ಟ್ರನ್ನ ಕೇಳಿ: ಗಡ್ಡೆ ಹೊರ ಅಂಚಲ್ಲಿದ್ಯಾ, ಸುತ್ತ ಎಷ್ಟು ಆರೋಗ್ಯದ ಭಾಗ ಸೇರಿಸಿ ತೆಗೀತೀರ (ಸಾಮಾನ್ಯವಾಗಿ 2 ಸೆಂ.ಮೀ. ಅಥವಾ ಗಡ್ಡೆಯಷ್ಟೇ ಅಗಲ ನೋಡ್ತಾರೆ), ಲಿಂಫ್ ನೋಡ್ ತೆಗೀತೀರಾ, ಮತ್ತೆ ಸೆಗ್ಮೆಂಟೆಕ್ಟಮಿ ನೀವು ಆಗಾಗ ಮಾಡ್ತೀರಾ. ಅಪ್ಪನ ಉಸಿರಾಟದ ಟೆಸ್ಟ್ ರಿಪೋರ್ಟ್ ಕೈಯಲ್ಲಿಟ್ಕೊಂಡೇ ಹೋಗಿ.