ಹೆಲ್ತ್ ಇನ್ಶೂರೆನ್ಸ್ ಇದ್ದರೆ ಅಪ್ಪ ಅಮ್ಮನ ಮುಪ್ಪಿಗೆ ಸಾಕಾ?

ಓದುಗರ ಪ್ರಶ್ನೆ: ನನಗೆ 29. ಬೆಂಗಳೂರಿನಲ್ಲಿ ಕೆಲಸ. ಅಪ್ಪ ಅಮ್ಮ ರಾಜಾಜಿನಗರದ ಸ್ವಂತ ಮನೆಯಲ್ಲಿದ್ದಾರೆ, ಸದ್ಯಕ್ಕೆ ಗಟ್ಟಿಯಾಗಿದ್ದಾರೆ. ಇಬ್ಬರಿಗೂ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ಮುಂದೆ ಅವರಿಗೆ ಕೈಲಾಗದೆ ಹೋದರೆ ಇಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಪಾಲಿಸಿ ಹಣ ಕೊಡುವುದು ಮುಖ್ಯವಾಗಿ ಆಸ್ಪತ್ರೆಗೆ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲವೇ ಕಣ್ಣಿನ ಪೊರೆಯಂಥ ಡೇ ಕೇರ್ ಆಪರೇಷನ್ ಆಗಿರಬೇಕು. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು ಅಂತಿಟ್ಟುಕೊಳ್ಳಿ. ಆಪರೇಷನ್ ಬಿಲ್ಲು ಕಂಪನಿಯದು. ಮನೆಗೆ ಬಂದ ಮೇಲಿನ ಔಷಧಿ, ತಪಾಸಣೆಗೂ ಹೆಚ್ಚಿನ ಪಾಲಿಸಿಗಳಲ್ಲಿ ಒಂದೆರಡು ತಿಂಗಳು ಹಣ ಸಿಗುತ್ತದೆ. ಆದರೆ ಅವರನ್ನು ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು, ರಾತ್ರಿ ಬಾತ್‌ರೂಮಿಗೆ ಕರೆದೊಯ್ಯಲು ಬರುವ ಹೋಂ ನರ್ಸ್ ಸಂಬಳ? ಅದು ನಿಮ್ಮ ಜೇಬಿನಿಂದಲೇ. ಡೈಪರ್, ಏರ್ ಬೆಡ್ಡೂ ಅಷ್ಟೇ. ಮರೆವಿನ ಕಾಯಿಲೆ ಬಂದರಂತೂ ಈ ಖರ್ಚು ವರ್ಷಗಟ್ಟಲೆ. ಕೇಂದ್ರ ಸರ್ಕಾರ 2024ರಲ್ಲಿ 70 ತುಂಬಿದವರಿಗೆ ತಂದ 5 ಲಕ್ಷ ರೂಪಾಯಿಯ ಆಯುಷ್ಮಾನ್ ಸೌಲಭ್ಯ ಕೂಡ ಆಸ್ಪತ್ರೆ ಚಿಕಿತ್ಸೆಗೇ.

ಜಪಾನಿನಲ್ಲಿ ಇಂಥ ಆರೈಕೆಗೆಂದೇ 2000ದಿಂದ ಬೇರೆ ವಿಮೆ ಇದೆ. 40 ತುಂಬಿದವರು ಕಂತು ಕಟ್ಟಲೇಬೇಕು. ನಮ್ಮಲ್ಲಿ ಆ ಜಾಗದಲ್ಲಿ ಸೊಸೆ ಇದ್ದಾಳೆ. ತಮಾಷೆ ನೋಡಿ, ತಂದೆತಾಯಿಯ ಪೋಷಣೆಗೆ ಬಂದ 2007ರ ಕಾಯ್ದೆಯಲ್ಲಿ ಹೊಣೆ ಇರುವುದು ಮಗ ಮಗಳು ಇಬ್ಬರಿಗೂ, ಸೊಸೆಯ ಹೆಸರೇ ಇಲ್ಲ. ರಾತ್ರಿ ಎದ್ದು ಬೆಡ್‌ಪ್ಯಾನ್ ಇಡುವವಳು ಮಾತ್ರ ಅವಳೇ!

ಈಗ ಏನು ಮಾಡಬಹುದು? ಮೊದಲು ಮನೆ ನೋಡಿ. ನಮ್ಮೂರಲ್ಲಿ 30x40 ಅಡಿ ಸೈಟಿನ ಮನೆಗಳಲ್ಲಿ ಕೆಳಗಡೆ ಬಾಡಿಗೆಗೆ ಕೊಟ್ಟು ಮಾಲೀಕರು ಮೇಲಿರುವುದು ಎಷ್ಟೋ ಕಡೆ ಇದೆ. ಮೆಟ್ಟಿಲು ಕಿರಿದು, ಕಡಿದು. ಮಂಡಿ ಹೋದ ದಿನದಿಂದ ಅವರು ಮನೆಯೊಳಗೇ ಬಂದಿ. ನಿಮ್ಮದೂ ಹಾಗೇ ಇದ್ದರೆ, ಮುಂದಿನ ಸಲ ಬಾಡಿಗೆದಾರರು ಖಾಲಿ ಮಾಡಿದಾಗ ಅಪ್ಪ ಅಮ್ಮ ಕೆಳಗೆ ಬರಲಿ. ಮೇಲಿನ ಬಾಡಿಗೆ ಒಂದು ಬೇರೆ ಖಾತೆಗೆ ಹೋಗಲಿ, ಅದೇ ಮುಂದೆ ಹೋಂ ನರ್ಸ್ ಸಂಬಳ. ಬಚ್ಚಲಿಗೆ ಹಿಡಿದುಕೊಳ್ಳುವ ಕಂಬಿ, ಜಾರದ ಟೈಲ್ಸ್ ಈಗಲೇ ಹಾಕಿಸಿ. ನನ್ನ ಲೆಕ್ಕದಲ್ಲಿ ಇನ್ನೊಂದು ಪಾಲಿಸಿಗಿಂತ ಇದು ಮೇಲು.

ಆಮೇಲೆ ಅವರನ್ನೇ ಕೇಳಿ. ಹೊರಗಿನವರು ಮುಟ್ಟಿ ಸ್ನಾನ ಮಾಡಿಸಿದರೆ ಒಪ್ಪುತ್ತಾರಾ? ಒಳ್ಳೆಯ ವೃದ್ಧಾಶ್ರಮ ಸಿಕ್ಕರೆ? ವೆಂಟಿಲೇಟರ್ ಬೇಕಾ, ಬೇಡವಾ? ಕೊನೆಯದನ್ನು ಇಬ್ಬರು ಸಾಕ್ಷಿಗಳ ಎದುರು ಬರೆದಿಡಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಸಡಿಲಿಸಿದ ಮೇಲೆ ಅದರ ಜೊತೆಗೆ ನೋಟರಿ ಸಹಿ ಇದ್ದರೆ ಸಾಕು. ಅಮ್ಮ "ಬಿಡ್ತು ಅನ್ನು" ಎಂದು ಗದರಬಹುದು. ಅಂದುಬಿಡಿ. ನಾಲ್ಕು ದಿನ ಬಿಟ್ಟು, ನೆಂಟರಲ್ಲಿ ಯಾರಾದರೂ ಹಾಸಿಗೆ ಹಿಡಿದ ಸುದ್ದಿ ಬಂದಾಗ, ಅಮ್ಮನೇ ಆ ಮಾತು ಎತ್ತುತ್ತಾರೆ. ಆಗ ಅಣ್ಣ, ತಂಗಿ ಇದ್ದರೆ ಅವರನ್ನೂ ಫೋನಿನಲ್ಲಿ ಸೇರಿಸಿಕೊಳ್ಳಿ.