ಕ್ಲೈಂಟ್ ತಪ್ಪು ಮಾಡಿದಾಗ ಪಿಆರ್‌ನವರು ಸುಳ್ಳು ಹೇಳಲೇಬೇಕೇ?

ಪ್ರಶ್ನೆ: ಸಾರ್ವಜನಿಕ ಸಂಪರ್ಕ (ಪಿಆರ್) ಕ್ಷೇತ್ರಕ್ಕೆ ಬರಬೇಕೆಂದಿದ್ದೇನೆ. ಕ್ಲೈಂಟ್ ತಪ್ಪು ಮಾಡಿರುವುದು ಗೊತ್ತಿದ್ದೂ ಅವರ ಹೆಸರು ಕಾಪಾಡಬೇಕಾಗಿ ಬಂದರೆ, ಸುಳ್ಳು ಹೇಳದೆ ಅದು ಸಾಧ್ಯವೇ?

ಸಾಧ್ಯ. ಎಲ್ಲವನ್ನೂ ಹೇಳದಿರುವುದು ಬೇರೆ, ಜನ ತಪ್ಪು ತಿಳಿಯುವಂತೆ ಮಾಡುವುದು ಬೇರೆ. ತನಿಖೆ ಮುಗಿದಿಲ್ಲ, ಗಾಯಗೊಂಡವರ ಮನೆಯವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂಬಂಥ ಹೊತ್ತಿನಲ್ಲಿ "ಸದ್ಯಕ್ಕೆ ಇಷ್ಟೇ ಹೇಳಬಲ್ಲೆವು" ಎನ್ನುವುದು ಅನೈತಿಕವಲ್ಲ. ಎಷ್ಟೋ ಸಲ ಅದೇ ಸರಿಯಾದ ನಡೆ.

ಕಷ್ಟ ಶುರುವಾಗುವುದು ಹೇಳಿಕೆಯ ಕರಡು ಬರೆಯುವಾಗ. ಕಂಪನಿಯೊಂದರ ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ ಎಂದುಕೊಳ್ಳಿ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: "ಕೆಲವು ಗ್ರಾಹಕರ ಮಾಹಿತಿಗೆ ತೊಂದರೆಯಾಗಿರಬಹುದು ಎಂಬುದು ನಮ್ಮ ಗಮನಕ್ಕೆ ಬಂದಿದೆ. ಯಾರಿಗಾದರೂ ಅನನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ." ವಕೀಲರು ಇದರ ಒಂದೊಂದು ಪದವನ್ನೂ ಸಮರ್ಥಿಸಿಕೊಳ್ಳಬಲ್ಲರು. ಆದರೆ ಇದನ್ನು ಓದಿದವರು ಪಾಸ್‌ವರ್ಡ್ ಬದಲಿಸುವುದಿಲ್ಲ, ಸುಮ್ಮನಾಗುತ್ತಾರೆ. ಇದರ ಬದಲು "ನಮ್ಮ ಸರ್ವರ್‌ನಿಂದ ಗ್ರಾಹಕರ ಫೋನ್ ನಂಬರ್, ಪಾಸ್‌ವರ್ಡ್ ಸೋರಿಕೆಯಾಗಿವೆ. ಎಷ್ಟು ಜನರದ್ದು, ಹೇಗಾಯಿತು ಎಂದು ಪತ್ತೆ ಮಾಡುತ್ತಿದ್ದೇವೆ. ಈಗಲೇ ಪಾಸ್‌ವರ್ಡ್ ಬದಲಿಸಿ" ಎಂದು ಬರೆಯಬಹುದು. ಇದೂ ಎಲ್ಲವನ್ನೂ ಹೇಳಿಲ್ಲ, ಆದರೆ ಜನರಿಗೆ ಬೇಕಾದದ್ದನ್ನು ಮುಚ್ಚಿಟ್ಟಿಲ್ಲ.

ಪಿಆರ್ ಪಾಠಗಳಲ್ಲಿ ತಪ್ಪದೆ ಬರುವ ಉದಾಹರಣೆ 1982ರ ಟೈಲೆನಾಲ್ ಎಂಬ ನೋವುನಿವಾರಕದ ಪ್ರಕರಣ. ಷಿಕಾಗೋ ಸುತ್ತಮುತ್ತ ಸಯನೈಡ್ ಬೆರೆತ ಮಾತ್ರೆ ನುಂಗಿ 7 ಮಂದಿ ಸತ್ತಾಗ ಅದರ ತಯಾರಕ ಸಂಸ್ಥೆ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿಕೊಂಡಿತು. ಮೆಚ್ಚಬೇಕಾದ ಕೆಲಸವೇ. ಆದರೆ ಅಲ್ಲಿ ವಿಷ ಬೆರೆಸಿದ್ದು ಹೊರಗಿನವರು ಎಂಬುದು ಬೇಗನೆ ಸ್ಪಷ್ಟವಾಗಿತ್ತು. ನಿಮ್ಮ ಪ್ರಶ್ನೆ ಇರುವುದು ತಪ್ಪು ಕ್ಲೈಂಟ್‌ನದ್ದೇ ಆಗಿದ್ದಾಗ ಏನು ಮಾಡಬೇಕು ಎಂಬುದು. ಅದಕ್ಕೆ ತಂಬಾಕು ಉದ್ಯಮದ ಕಥೆಯೇ ಹೆಚ್ಚು ಹತ್ತಿರ.

1954ರ ಜನವರಿಯಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳು, ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ ಸಂಸ್ಥೆಯ ಸಲಹೆಯಂತೆ, 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಹೇಳಿಕೆ ಪ್ರಕಟಿಸಿದವು. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಎಂಬುದು ಅದರ ಸಾರ. ಮಾತು ಸೌಮ್ಯ, ಜವಾಬ್ದಾರಿಯುತ. ಅದು ಬಿತ್ತಿದ ಅನುಮಾನ ಮಾತ್ರ ದಶಕಗಳ ಕಾಲ ಜನರ ಕೈಯಲ್ಲಿ ಸಿಗರೇಟು ಉಳಿಸಿತು. ಕಂಪನಿಗಳು ಸಾರ್ವಜನಿಕರನ್ನು ವಂಚಿಸಿದವು ಎಂದು ಅಮೆರಿಕದ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟದ್ದು 2006ರಲ್ಲಿ. ಹೆಸರು ಉಳಿಸುವ ಕೆಲಸದಲ್ಲಿ ನಾನು ಅತ್ಯಂತ ಅಪಾಯಕಾರಿ ಎಂದು ನಂಬಿರುವುದು ಇಂಥ ಸಭ್ಯ ಹೇಳಿಕೆಗಳನ್ನೇ.

ಯಾರು ಮಾತಾಡುತ್ತಿದ್ದಾರೆ, ಯಾರ ದುಡ್ಡಿನಲ್ಲಿ ಎಂಬುದನ್ನು ಮರೆಮಾಡುವುದೂ ಮೋಸವೇ. ಸಂಸ್ಥೆಯವರೇ ಗ್ರಾಹಕರ ಹೆಸರಿನಲ್ಲಿ ರಿವ್ಯೂ ಬರೆಯುವುದು ಈ ಸಾಲಿಗೇ ಸೇರುತ್ತದೆ. ದುಡ್ಡು ಪಡೆದು ವಿಕಿಪೀಡಿಯ ತಿದ್ದುವವರು ಅದನ್ನು ಬಹಿರಂಗಪಡಿಸಬೇಕೆಂಬ ನಿಯಮ 2014ರಿಂದಲೇ ಇದೆ.

ನೀತಿಸಂಹಿತೆಗಳೇನೋ ಇವೆ. ಅಂತರರಾಷ್ಟ್ರೀಯ ಪಿಆರ್ ಸಂಘ 1965ರಲ್ಲೇ ಅಥೆನ್ಸ್ ಸಂಹಿತೆಯನ್ನು ಒಪ್ಪಿಕೊಂಡಿತು. ದಕ್ಷಿಣ ಆಫ್ರಿಕಾದಲ್ಲಿ ಗುಪ್ತಾ ಎಂಬ ಉದ್ಯಮಿ ಕುಟುಂಬದ ಕಂಪನಿಗಾಗಿ ಜನಾಂಗೀಯ ವೈಷಮ್ಯ ಕೆರಳಿಸುವಂಥ ಪ್ರಚಾರ ನಡೆಸಿದ ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯನ್ನು 2017ರಲ್ಲಿ ಬ್ರಿಟನ್ನಿನ ವೃತ್ತಿಸಂಘ ಹೊರಹಾಕಿತು. ಕ್ಲೈಂಟ್‌ಗಳು ಕೈಬಿಟ್ಟರು, ಕೆಲವೇ ದಿನಗಳಲ್ಲಿ ಸಂಸ್ಥೆಯೇ ಕುಸಿಯಿತು. ಆದರೆ ಸಂಘದ ಸದಸ್ಯರಲ್ಲದವರನ್ನು ಈ ಸಂಹಿತೆಗಳು ಕಟ್ಟಿಹಾಕಲಾರವು. ವೈದ್ಯರಿಗೋ ವಕೀಲರಿಗೋ ಇರುವಂಥ ಲೈಸೆನ್ಸ್ ಬಹುತೇಕ ದೇಶಗಳಲ್ಲಿ ಈ ವೃತ್ತಿಗಿಲ್ಲ.

ಹಾಗಾಗಿ ಕ್ಲೈಂಟ್ ಹಟ ಹಿಡಿದರೆ ನಿಮ್ಮ ಸಲಹೆಯನ್ನು ಬಾಯಿಮಾತಲ್ಲಿ ಬಿಡದೆ ಇಮೇಲ್‌ನಲ್ಲಿ ದಾಖಲಿಸಿ. ಸುಳ್ಳೆಂದು ಗೊತ್ತಿರುವ ಹೇಳಿಕೆಯನ್ನು ಪತ್ರಕರ್ತರಿಗೆ ಕಳಿಸಲು ಒಪ್ಪಬೇಡಿ. ಏಜೆನ್ಸಿಗೆ ಸೇರುವ ಮುಂಚೆ ಸಂದರ್ಶನದಲ್ಲೇ ಎರಡು ವಿಷಯ ಕೇಳಿ: ಯಾವುದಾದರೂ ಕ್ಲೈಂಟ್ ಅನ್ನು ನೀವಾಗಿಯೇ ಬಿಟ್ಟದ್ದುಂಟೇ, ಯಾಕೆ? ಕಿರಿಯ ಉದ್ಯೋಗಿಯೊಬ್ಬರು "ಇದನ್ನು ನಾನು ಕಳಿಸಲಾರೆ" ಎಂದರೆ ಅವರ ಪರವಾಗಿ ಯಾರು ನಿಲ್ಲುತ್ತಾರೆ?