ಎದ್ದು ನಿಂತಾಗಿನ ತಲೆಸುತ್ತು: ಔಷಧಿ ಮತ್ತು ಸ್ವಾಯತ್ತ ನರಮಂಡಲದ ಹಿನ್ನೆಲೆ

ಮಲಗಿದವರು ಎದ್ದು ನಿಂತೊಡನೆ ಸುಮಾರು ಅರ್ಧ ಲೀಟರ್ ಇಲ್ಲವೇ ಅದಕ್ಕೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳ ಕಡೆಗೆ ಇಳಿಯುತ್ತದೆ. ಆದರೂ ನಮಗೆ ತಲೆ ಸುತ್ತುವುದಿಲ್ಲ; ಸ್ವಾಯತ್ತ ನರಮಂಡಲವು ನಮ್ಮ ಅಪ್ಪಣೆಗೆ ಕಾಯದೆ ರಕ್ತನಾಳಗಳನ್ನು ಬಿಗಿದು, ಹೃದಯದ ಬಡಿತವನ್ನು ತುಸು ಏರಿಸಿರುತ್ತದೆ. ರಕ್ತದೊತ್ತಡದ, ಪ್ರಾಸ್ಟೇಟ್ ತೊಂದರೆಯ ಅಥವಾ ಖಿನ್ನತೆಯ ಕೆಲವು ಮಾತ್ರೆಗಳನ್ನು ಆರಂಭಿಸಿದವರಿಗೆ ಬೆಳಗ್ಗೆ ಏಳುವಾಗ ಕಣ್ಣು ಕತ್ತಲಿಡುವುದು ಈ ಬಿಗಿತ ತಪ್ಪುವುದರಿಂದಲೇ.

ಈ ನರಗಳ ನಕ್ಷೆ ಬರೆಯುವ ಕೆಲಸಕ್ಕೆ ಮೊದಲ ಉಪಕರಣವಾದದ್ದೂ ಒಂದು ವಿಷವಸ್ತುವೇ. ಕೇಂಬ್ರಿಡ್ಜ್‌ನ ಜಾನ್ ಲ್ಯಾಂಗ್ಲಿ 1889ರಲ್ಲಿ ಸಹೋದ್ಯೋಗಿ ಡಿಕಿನ್ಸನ್ ಜೊತೆಗೂಡಿ ಪ್ರಾಣಿಗಳ ಕತ್ತಿನ ನರಗಂಟಿಗೆ (ಒಂದು ನರದಿಂದ ಇನ್ನೊಂದಕ್ಕೆ ಸಂದೇಶ ದಾಟುವ ಜಾಗ) ನಿಕೋಟಿನ್ ಹಚ್ಚಿ, ಅಲ್ಲಿ ಸಂದೇಶ ನಿಂತುಹೋಗುವುದನ್ನು ತೋರಿಸಿದರು. 'ಸ್ವಾಯತ್ತ' ಎಂಬ ಹೆಸರನ್ನು 1898ರಲ್ಲಿ ಕೊಟ್ಟವರೂ ಅವರೇ. ಸಂದೇಶ ದಾಟಿಸುವುದು ರಾಸಾಯನಿಕವೆಂಬುದಕ್ಕೆ 1921ರಲ್ಲಿ ಆಟೊ ಲೋವಿ ಸಾಕ್ಷ್ಯ ಒದಗಿಸಿದರು. ಒಂದು ಕಪ್ಪೆಯ ಹೃದಯದ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ, ಯಾವ ನರವನ್ನೂ ಮುಟ್ಟದಿದ್ದರೂ ಅದರ ಬಡಿತವೂ ನಿಧಾನವಾಯಿತು.

ಈ ತಿಳಿವಳಿಕೆ ಚಿಕಿತ್ಸೆಗೆ ಇಳಿದದ್ದು ಒರಟಾಗಿಯೇ. 1950ರ ದಶಕದ ಆರಂಭದಲ್ಲಿ ತೀವ್ರ ರಕ್ತದೊತ್ತಡಕ್ಕೆ, ನರಗಂಟುಗಳಲ್ಲಿ ಸಂದೇಶ ತಡೆಯುವ ಹೆಕ್ಸಾಮೆಥೋನಿಯಂ ಎಂಬ ಔಷಧಿ ಕೊಡಲಾಯಿತು. ಬದುಕುವ ಭರವಸೆಯೇ ಇಲ್ಲದಿದ್ದ ಕೆಲವು ರೋಗಿಗಳು ಅದರಿಂದ ಉಳಿದುಕೊಂಡರು. ಆದರೆ ಅವರ ಬಾಯಿ ಒಣಗುತ್ತಿತ್ತು, ಹತ್ತಿರದ ಅಕ್ಷರ ಮಸುಕಾಗುತ್ತಿತ್ತು, ಮಲಮೂತ್ರ ಕಟ್ಟುತ್ತಿತ್ತು, ನಿಂತರೆ ಬವಳಿ ಬರುತ್ತಿತ್ತು. ಔಷಧಿ ಕೆಟ್ಟದ್ದಾಗಿರಲಿಲ್ಲ, ಹೇಳಿದ ಕೆಲಸವನ್ನೇ ಮಾಡುತ್ತಿತ್ತು. ಅದು ತಡೆ ಹಾಕಿದ್ದು ಸ್ವಾಯತ್ತ ನರಮಂಡಲದ ಎರಡೂ ಶಾಖೆಗಳ, ಅಂದರೆ ರಕ್ತನಾಳ ಬಿಗಿದು ಬಡಿತ ಏರಿಸುವ ಸಿಂಪಥೆಟಿಕ್ ಮತ್ತು ಬಡಿತ ತಗ್ಗಿಸಿ ಜೊಲ್ಲು, ಜೀರ್ಣಕ್ರಿಯೆ ನಡೆಸುವ ಪ್ಯಾರಾಸಿಂಪಥೆಟಿಕ್‌ಗಳ, ನರಗಂಟುಗಳಿಗೆ ಎಂಬುದೇ ತೊಡಕು.

ಗುರಿ ಕಿರಿದಾಗಿಸುವ ದಾರಿ ತೋರಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಅಡ್ರಿನಾಲಿನ್‌ಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆ (ಜೀವಕೋಶದ ಮೇಲೆ ರಾಸಾಯನಿಕ ಸಂದೇಶ ಹಿಡಿಯುವ ತಾಣಗಳು) ಎಂಬ ಅವರ 1948ರ ಪ್ರಬಂಧವನ್ನು ವರ್ಷಗಳ ಕಾಲ ಹೆಚ್ಚಿನವರು ಗಮನಿಸಲೇ ಇಲ್ಲ. ಗಮನಿಸಿದ ಜೇಮ್ಸ್ ಬ್ಲ್ಯಾಕ್, 1960ರ ದಶಕದಲ್ಲಿ ಬೀಟಾ ಗ್ರಾಹಕಗಳನ್ನು ಮುಚ್ಚುವ ಪ್ರೊಪ್ರನಲಾಲ್ ರೂಪಿಸಿದರು. 1988ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಪ್ರೊಪ್ರನಲಾಲ್ ಹೃದಯದ ಬೀಟಾ ಗ್ರಾಹಕಗಳ ಜೊತೆಗೆ ಶ್ವಾಸನಾಳದವನ್ನೂ ಮುಚ್ಚುವುದರಿಂದ ಆಸ್ತಮಾ ಇರುವವರಿಗೆ ಅಪಾಯಕಾರಿ. ಹೃದಯವನ್ನೇ ಹೆಚ್ಚಾಗಿ ಹಿಡಿಯುವ ಅಟೆನೊಲಾಲ್‌ನಂಥವು ಆಮೇಲೆ ಬಂದವು, ಆದರೆ ಪ್ರಮಾಣ ಏರಿದಂತೆ ಆ ಭೇದವೂ ತೆಳುವಾಗುತ್ತದೆ. ರಕ್ತನಾಳ ಬಿಗಿಯುವ ಆಲ್ಫಾ ಗ್ರಾಹಕ ಮುಚ್ಚುವ ಪ್ರಾಜೋಸಿನ್‌ನ ಮೊದಲ ಮಾತ್ರೆಗೇ ಕೆಲವರು ಮೂರ್ಛೆ ಹೋದದ್ದರಿಂದ, ಅದನ್ನು ಅಲ್ಪ ಪ್ರಮಾಣದಲ್ಲಿ, ಮಲಗುವ ಹೊತ್ತಿಗೆ ಕೊಡುವ ರೂಢಿ ಬಂತು.

ಈ ನರಮಂಡಲವನ್ನು ಗುರಿಯಾಗಿಸಿಕೊಳ್ಳದೆಯೇ ತಟ್ಟುವ ಔಷಧಿಗಳೇ ನನಗೆ ಹೆಚ್ಚು ಕಳವಳಕಾರಿಯಾಗಿ ಕಾಣುತ್ತವೆ. ಅಲರ್ಜಿಗೆ ಡೈಫೆನ್‌ಹೈಡ್ರಮಿನ್, ನರನೋವಿಗೆ ಅಮಿಟ್ರಿಪ್ಟಿಲಿನ್, ಪದೇಪದೇ ಬರುವ ಮೂತ್ರಕ್ಕೆ ಆಕ್ಸಿಬ್ಯುಟಿನಿನ್: ಮೂರು ಚೀಟಿಗಳೂ ಬೇರೆ ಬೇರೆ ವೈದ್ಯರವಾಗಿರಬಹುದು, ಒಂದೊಂದೂ ಸರಿಯಾಗಿಯೇ ಇರಬಹುದು. ಪ್ಯಾರಾಸಿಂಪಥೆಟಿಕ್ ನರಗಳ ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ಎಂಬ ಗ್ರಾಹಕಗಳನ್ನೇ ಮೂರೂ ಮುಚ್ಚುವುದರಿಂದ, ವಯಸ್ಸಾದವರಲ್ಲಿ ಪರಿಣಾಮ ಕೂಡಿಕೊಂಡು ಮಲಬದ್ಧತೆ, ಮೂತ್ರ ಕಟ್ಟುವಿಕೆ, ಮಿದುಳಿನಲ್ಲಿಯೂ ಅದೇ ತಡೆಯಾಗಿ ಗೊಂದಲ ಕಾಣಿಸುತ್ತವೆ. ಅದನ್ನು ಮರೆವಿನ ಕಾಯಿಲೆಯೆಂದು ತಪ್ಪು ತಿಳಿಯುವುದೂ ಉಂಟು. ವೃದ್ಧರಿಗೆ ಸಾಧ್ಯವಾದಷ್ಟೂ ತಪ್ಪಿಸಬೇಕಾದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಪ್ರಕಟಿಸಿದರು. ಇಂದಿನ ಪರಿಷ್ಕೃತ ಪಟ್ಟಿಯಲ್ಲಿ ಈ ಮೂರೂ ಇವೆ.

ಎದ್ದಾಗಿನ ತಲೆಸುತ್ತನ್ನು ಅಳೆಯಲು ಮಾತ್ರ ಸಾಮಾನ್ಯ ಬಿ.ಪಿ. ಉಪಕರಣ ಸಾಕು. ಮಲಗಿದಾಗ ಒಮ್ಮೆ, ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ನೋಡಿ, ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ, ವೈದ್ಯರು ರೋಗಿಯ ಮಾತ್ರೆಗಳ ಚೀಟಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.